ಮೂರು ಪರದೆಯ ಮೀನು

ಅಥವಾ ಕಪ್ಪು ಗೆರೆ ಎರಡಿರಲಿಲ್ಲವೇನೋ, ಒಂದೇ ಇತ್ತೇನೋ. ಎರಡು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಒಂದು ಸಂಗತಿಯನ್ನು ನಾಲ್ಕಾರು ಜನರ ಮುಂದೆ ಹೇಳಿಬಿಟ್ಟರೆ ಆಮೇಲೆ ನೆನಪಾಗುವುದು ಆ ಸಂಗತಿಯಲ್ಲ, ಹಿಂದಿನ ಸಲ ಅದನ್ನು ಹೇಳಿದ ರೀತಿ. ಆದ್ದರಿಂದ ಮುಂದಿನದನ್ನು ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನು ಬರೆಯುತ್ತಿರುವುದೂ ಹಾಗೆಯೇ.

ನೆನಪಿರುವುದು ಇಷ್ಟು. ಬೊಂಬಾಯಿ. ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗಿನ ಬಿಸಿಲಿನಿಂದ ಒಳಗೆ ಬಂದಾಗ ಏನೂ ಕಾಣದಂಥ ಒಂದು ಕೋಣೆ, ಅದರ ತುಂಬ ವಿಡಿಯೋ ಗೇಮ್ ಪೆಟ್ಟಿಗೆಗಳು. ಮೂಲೆಯಲ್ಲಿದ್ದ ಪೆಟ್ಟಿಗೆ ಮಾತ್ರ ಬೇರೆ ಜಾತಿಯದು. ಅದಕ್ಕೆ ಒಂದರ ಪಕ್ಕ ಒಂದು ಮೂರು ಪರದೆ. ಎದುರಿಗೆ ಇಬ್ಬರು ಕೂರುವ ಸೀಟು. ಒಂದು ಪುಟ್ಟ ವಿಮಾನ ಎಡಗಡೆಯಿಂದ ಹೊರಟು ಬಲಕ್ಕೆ ಹೋಗುತ್ತದೆ. ಪರದೆಗಳ ನಡುವಿನ ಕಪ್ಪು ಗೆರೆ ಬಂದಾಗ ಒಂದು ಕ್ಷಣ ಮಾಯವಾಗಿ ಆಚೆ ಕಡೆ ಮತ್ತೆ ಮೂಡುತ್ತದೆ. ಕೊನೆಗೆ ಎದುರಾಗುವುದು ಒಂದು ಮೀನು. ನಮ್ಮ ಬಂಗ್ಡೆಯಂಥದ್ದಲ್ಲ, ಕಬ್ಬಿಣದ ಮೀನು, ಮನೆಯಷ್ಟು ದೊಡ್ಡದು. ಅದು ಬರುವಾಗ ಕೂತ ಸೀಟು ಗುಡುಗುಡು ನಡುಗುತ್ತದೆ. ನನ್ನ ಪಕ್ಕದಲ್ಲಿ ಸುಧಾಕರ ಬಾವ.

ಬಾವ ಎಂದರೆ ಬೈಂದೂರಿನ ಗಿರಿಜತ್ತೆಯ ಮಗ. ನನಗಿಂತ ಏಳೆಂಟು ವರ್ಷ ದೊಡ್ಡವನು. ಮೀಸೆ ಮೂಡುವ ಹೊತ್ತಿಗೆ ಬೊಂಬಾಯಿಗೆ ಹೋಗಿ ಹೋಟೆಲೊಂದರ ಅಡುಗೆಮನೆ ಸೇರಿದ್ದ. ನನ್ನ ಬಾಲ್ಯದಲ್ಲಿ ಸುಖದ ಮಧ್ಯಾಹ್ನ ಯಾವುದು ಎಂದು ಯಾರಾದರೂ ಕೇಳಿದರೆ (ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ) ಬಾವನ ಪಕ್ಕ ಕೂತು ಆ ಮೀನನ್ನು ಹೊಡೆದದ್ದು ಎನ್ನುತ್ತೇನೆ. ಹೊಡೆದೆವೋ, ಅದೇ ನಮ್ಮನ್ನು ಹೊಡೆಯಿತೋ ಗೊತ್ತಿಲ್ಲ. ಸುಖವಾಗಿತ್ತು, ಅಷ್ಟೆ.

ಆ ಕಾಲದಲ್ಲಿ ಕುಂದಾಪುರದಲ್ಲೂ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರ, ಸೈಕಲ್ ರಿಪೇರಿಯವನ ಪಕ್ಕದಲ್ಲಿ. ಅಲ್ಲಿ ಇದ್ದದ್ದೆಲ್ಲ ಒಂದು ಪರದೆಯ ಬಡ ಪೆಟ್ಟಿಗೆಗಳು. ಒಂದರ ಗುಂಡಿ ಒತ್ತಿದರೆ ಒಳಗೇ ಉಳಿಯುತ್ತಿತ್ತು, ಉಗುರಿನಿಂದ ಎಬ್ಬಿಸಬೇಕಾಗಿತ್ತು. ಒಂದು ದಿನ ಶಾಲೆ ಬಿಟ್ಟು ಮನೆಗೆ ಹೋಗುವ ಬದಲು ಅಲ್ಲಿ ನಿಂತು ಆಡುತ್ತಿದ್ದೆ. ಕೊನೆಯ ಜೀವವೂ ಹೋದ ಕೂಡಲೆ ಹಿಂದಿನಿಂದ ಒಂದು ಕೈ ಬಂದು ನನ್ನ ಕಿವಿ ಹಿಡಿಯಿತು. ಅಪ್ಪಯ್ಯ! ಹಂಚಿನ ಕಾರ್ಖಾನೆಯಿಂದ ನೇರ ಬಂದವನು, ಕೈಯಲ್ಲಿ ಇನ್ನೂ ಕೆಮ್ಮಣ್ಣು.

"ಇದ್ರಂಗೆ ಎಂತ ಸಿಕ್ಕತ್ತ್ ನಿಂಗ್? ಕಣ್ಣ್ ಹಾಳ್, ಮಂಡೆ ಹಾಳ್."

ಕಿವಿ ಹಿಡಿದುಕೊಂಡೇ ಬಸ್ಸಿನವರೆಗೆ ನಡೆಸಿದ. ಮರುವಾರ ಅಂಗಡಿಯವನು ನಗುತ್ತ ಹೇಳಿದ: "ನಿನ್ ಅಪ್ಪಯ್ಯ ಸುಮಾರ್ ಹೊತ್ತಿಂದ ಹಿಂದೆ ನಿಂತ್ಕಂಡಿದ್ರ್ ಮಾರಾಯಾ. ಆಟ ಮುಗಿಲಿ ಅಂದ್ಹೇಳಿ ಕಾದದ್." ಆಗ ನನಗೆ ಅದು ಅವಮಾನದ ಮೇಲೆ ಅವಮಾನ ಅನ್ನಿಸಿತ್ತು. ಇದನ್ನು ಈಗ ಯಾಕೆ ಹೇಳಿದೆನೋ. ಬರೆಯುತ್ತ ಹೋದರೆ ಹೀಗೆ, ಕರೆಯದವರೂ ಬಂದು ಕೂರುತ್ತಾರೆ.

ಈಗ ಕೋಟದಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಅಂಗಡಿ. ಫ್ಲೆಕ್ಸ್ ಬ್ಯಾನರು, ಮದುವೆ ಕಾಗದ, ರಬ್ಬರ್ ಸ್ಟಾಂಪು. ಬ್ಯಾನರು ಮಾಡಿಸುವವರಿಗೆ ಉದ್ದ ಎಷ್ಟಿದ್ದರೂ ಸಾಲದು. ಎಡತುದಿಯಲ್ಲಿ ಕೈಮುಗಿದ ಸ್ವಾಗತಕೋರರು, ಮಧ್ಯೆ ದೇವರು, ಬಲತುದಿಯಲ್ಲಿ ಹುಟ್ಟುಹಬ್ಬದ ಅಣ್ಣ. ಒಂದೇ ಪರದೆಯಲ್ಲಿ ಕೆಲಸ ಮಾಡುವಾಗ ಅಣ್ಣನ ಮೂಗು ಸರಿ ಮಾಡಿ ಮುಗಿಸುವಷ್ಟರಲ್ಲಿ ಸ್ವಾಗತಕೋರರು ಎಲ್ಲಿದ್ದರೆಂಬುದೇ ಮರೆತುಹೋಗುತ್ತಿತ್ತು. ಅದೇ ಹೊತ್ತಿಗೆ, ಎಲ್ಲರ ಕಿಸೆಯೊಳಗಿನ ಮೊಬೈಲಿನಲ್ಲೇ ಇಂಟರ್ನೆಟ್ಟು ಬಂದ ಕಾಲ ಅದು, ಬ್ರಹ್ಮಾವರದಲ್ಲಿ ಒಂದು ಸೈಬರ್ ಕೆಫೆ ಬಾಗಿಲು ಹಾಕಿತು. ಅಲ್ಲಿಂದ ಮೂರು ಹಳೆಯ ಮಾನಿಟರ್ ತಂದೆ.

ತಂದದ್ದು ಬಾವನ ಟೆಂಪೊದಲ್ಲಿ. ಬಾವ ಬೊಂಬಾಯಿ ಬಿಟ್ಟು, ಕೆಲವು ವರ್ಷ ಬೋಟಿಗೆ ಹೋಗಿ, ಈಗ ಮೀನಿನ ಟೆಂಪೊ ಓಡಿಸುತ್ತಾನೆ. ಹಿಂದೆ ಐಸು ಕರಗಿದ ನೀರು ಎಂದೂ ಆರುವುದಿಲ್ಲ. ಗೋಣಿ ಹಾಸಿ ಮಾನಿಟರುಗಳನ್ನು ಮಲಗಿಸಿ ತಂದೆವು. ಆಮೇಲೆ ಎಷ್ಟೋ ದಿನ, ಮಾನಿಟರು ಬಿಸಿಯಾದರೆ ಸಾಕು, ಅಂಗಡಿಯಲ್ಲಿ ಬೈಗೆ ಮೀನಿನ ವಾಸನೆ ಏಳುತ್ತಿತ್ತು. ಮದುವೆ ಕಾಗದ ಮಾಡಿಸಲು ಬಂದ ಭಟ್ಟರೊಬ್ಬರು ಮೂಗು ಮುಚ್ಚಿಕೊಂಡೇ ಅಕ್ಷರ ತಿದ್ದಿಸಿದರು. ಮೂರರಲ್ಲಿ ಎರಡು ಒಂದೇ ಬಣ್ಣ ತೋರಿಸುತ್ತಿದ್ದವು. ಬಲಗಡೆಯದು ಮಾತ್ರ ಸ್ವಲ್ಪ ಹಳದಿ. ಹಾಗಾಗಿ ನನ್ನ ಬ್ಯಾನರಿನ ಅಣ್ಣಂದಿರಿಗೆಲ್ಲ ಕಾಮಾಲೆ.

"ನಿಮ್ಗ್ ಒಬ್ರಿಗ್ ಮೂರ್ ಟಿವಿಯಾ?" ಎಂದಳು ಹೆಂಡತಿ. ಕೆಲಸಕ್ಕೆ ಎಂದೆ. ಅದು ಸುಳ್ಳಲ್ಲ. ಆದರೆ ಮೂರನ್ನು ಸಾಲಾಗಿ ಇಟ್ಟ ಕೂಡಲೆ ನನಗೆ ನೆನಪಾದದ್ದು ಬ್ಯಾನರಲ್ಲ.

ಎಮ್ಯುಲೇಟರ್ ಎಂಬ ತಂತ್ರಾಂಶ ಇದೆ. ಹಳೆಯ ಆಟದ ಪೆಟ್ಟಿಗೆಯೊಳಗೆ ಏನೇನು ಇತ್ತೋ ಅದನ್ನೆಲ್ಲ ಕಂಪ್ಯೂಟರು ನಟಿಸುವಂತೆ ಮಾಡುತ್ತದೆ. ಕಂಪ್ಯೂಟರು ವೇಷ ಕಟ್ಟಿ ಕುಣಿಯುತ್ತದೆ, ಆಟ ತಾನು ಇನ್ನೂ ಹಳೆಯ ಪೆಟ್ಟಿಗೆಯಲ್ಲೇ ಇದ್ದೇನೆಂದು ನಂಬಿ ನಡೆಯುತ್ತದೆ. ಒಬ್ಬರನ್ನೊಬ್ಬರು ಇಷ್ಟು ಪ್ರೀತಿಯಿಂದ ಮೋಸಪಡಿಸಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಆಟಗಳ ಪಟ್ಟಿಯಲ್ಲಿ ಸಾಮಾನ್ಯ ಪರದೆಯ ಮೂರು ಪಟ್ಟು ಅಗಲದವು ಬೆರಳೆಣಿಕೆಯಷ್ಟೇ. ಒಂದೊಂದಾಗಿ ತೆರೆಯುತ್ತ ಹೋದೆ. ಒಂದರಲ್ಲಿ ಎಡಗಡೆಯಿಂದ ಪುಟ್ಟ ವಿಮಾನ ಹೊರಟಿತು. ಸತ್ತು ಸತ್ತು ಮುಂದೆ ಹೋದಾಗ ಕೊನೆಯಲ್ಲಿ ಕಬ್ಬಿಣದ ಮೀನು ಬಂತು.

ಆದರೂ ಏನೋ ಸರಿಯಿರಲಿಲ್ಲ. ವಿಮಾನ ಒಂದು ಮಾನಿಟರಿನ ಅಂಚು ದಾಟಿದ ಕೂಡಲೆ ಪಕ್ಕದ್ದರಲ್ಲಿ ಪಟ್ಟನೆ ಕಾಣಿಸಿಕೊಳ್ಳುತ್ತಿತ್ತು. ನನ್ನ ನೆನಪಿನ ವಿಮಾನ ಹಾಗೆ ಅವಸರ ಮಾಡುತ್ತಿರಲಿಲ್ಲ. ಅದಕ್ಕೂ ಒಂದು ಉಪಾಯ ಇದೆಯೆಂದು ಗೊತ್ತಾಯಿತು. ಮಾನಿಟರಿನ ಚೌಕಟ್ಟು ಎಷ್ಟು ದಪ್ಪ ಎಂದು ಅಳೆದು ಕಂಪ್ಯೂಟರಿಗೆ ಹೇಳಿದರೆ, ಅಷ್ಟು ಚಿತ್ರವನ್ನು ಅದು ಚೌಕಟ್ಟಿನ ಹಿಂದೆ ಅಡಗಿಸಿಡುತ್ತದೆ. ಕಿಟಕಿಯ ಸರಳಿನ ಹಿಂದೆ ನಡೆದುಹೋಗುವ ಮನುಷ್ಯನ ಹಾಗೆ. ಟೇಪು ಹಿಡಿದು ಅಳೆದೆ. ಈಗ ವಿಮಾನ ಕಪ್ಪು ಗೆರೆಯೊಳಗೆ ಹೊಕ್ಕಿತು, ಒಂದು ಕ್ಷಣ ಇಲ್ಲವಾಯಿತು, ಆಚೆಗೆ ಬಂತು.

ಹೌದು, ಇದೇ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಖುಷಿಯಲ್ಲಿದ್ದ ಮನುಷ್ಯ ಓದಬಾರದ್ದನ್ನು ಓದುತ್ತಾನೆ. ಆ ಆಟದ ಬಗ್ಗೆ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ ಎರಡು ಸಂಗತಿ ಕಣ್ಣಿಗೆ ಬಿತ್ತು. ಒಂದು, ಅಸಲು ಪೆಟ್ಟಿಗೆಯಲ್ಲಿ ಸೀಟಿನ ಅಡಿಗೇ ಒಂದು ಸ್ಪೀಕರು ಇರುತ್ತಿತ್ತು. ದೊಡ್ಡ ಸದ್ದಿಗೆ ಸೀಟು ನಡುಗುತ್ತಿತ್ತು. ನಾನು ಕುರ್ಚಿಯಿಂದ ಎದ್ದೇ ನಿಂತೆ. ಇನ್ನೊಂದು, ಅಸಲು ಪೆಟ್ಟಿಗೆಯಲ್ಲಿ ಮೂರು ಪರದೆಗಳನ್ನು ಕನ್ನಡಿ ಇಟ್ಟು ಜೋಡಿಸಿದ್ದರು. ನಡುವೆ ಗೆರೆಯೇ ಕಾಣುತ್ತಿರಲಿಲ್ಲ. ನಾನು ಮತ್ತೆ ಕೂತೆ. ಗೆರೆಯೇ ಇಲ್ಲದಿದ್ದರೆ ನಾನು ಇಷ್ಟು ವರ್ಷ ನೋಡುತ್ತ ಬಂದದ್ದು ಏನನ್ನು?

ಕೇಳಲು ಒಬ್ಬನೇ ಇದ್ದ. ಒಂದು ಭಾನುವಾರ ಬಾವ ಅತ್ತೆಯನ್ನು ಕರೆದುಕೊಂಡು ಕುಂಭಾಶಿಗೆ ದೇವರ ದರ್ಶನಕ್ಕೆ ಬಂದಿದ್ದ. ಅಲ್ಲಿಯವರೆಗೆ ಬಂದವರು ಇಲ್ಲಿಗೂ ಬನ್ನಿ ಎಂದು ಫೋನು ಮಾಡಿದೆ. ಬಂದರು. ಅತ್ತೆ ಪ್ರಸಾದದ ಪೊಟ್ಟಣ ನನ್ನ ಕೀಬೋರ್ಡಿನ ಮೇಲೆಯೇ ಇಟ್ಟಳು. ಬಾವನನ್ನು ಮೂರು ಮಾನಿಟರಿನ ಎದುರು ಕೂರಿಸಿ ಆಟ ಹಚ್ಚಿದೆ. ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು: ಬಾವ ಬೆರಗಾಗುತ್ತಾನೆ, ನನ್ನ ಬೆನ್ನು ತಟ್ಟುತ್ತಾನೆ, ನಾನು ಇಷ್ಟು ವರ್ಷ ಹೇಳದೆ ಉಳಿದ ಒಂದು ಒಳ್ಳೆಯ ಮಾತು ಹೇಳುತ್ತೇನೆ.

"ಇದ್ ಯಾವ್ದ್ ಹೇಳ್ ಕಾಂಬ, ಬಾವ."

"ಎಂತ ಇದ್? ಬೋಟಾ?"

"ಬೋಟಲ್ಲ, ವಿಮಾನ. ಬೊಂಬಾಯಂಗೆ ನೀ ಕರ್ಕಂಡ್ ಹೋಯಿ ಆಡ್ಸಿದ್ದಲ್ದಾ?"

"ನಾನಾ?"

"ನೀನೇ. ನಾವ್ ಮೇ ತಿಂಗ್ಳಂಗೆ ಅಲ್ಲಿಗ್ ಬಂದಿದ್ದಾಗ."

ಬಾವ ನನ್ನನ್ನೇ ನೋಡಿದ. "ಹ್ವಾಯ್, ನೀವ್ ಹೋಪತಿಗೆ ನಾ ಬೊಂಬಾಯಂಗ್ ಇರ್ಲೇ ಇಲ್ಲ ಮಾರಾಯಾ. ಅಷ್ಟೊತ್ತಿಗೆ ಬಿಟ್ಟಿಕ್ಕಿ ಬಂದ್ ಬೋಟಿಗ್ ಹೋಪುಕ್ ಶುರು ಮಾಡಿದ್ದೆ. ನಿಮ್ಮನ್ ಬಸ್ಸಿಗ್ ಹತ್ಸಿದ್ದೇ ನಾನ್. ನಿನ್ ಅಬ್ಬೆ ತಕಂಡ್ ಹೋದ ಉಪ್ಪಿನಕಾಯಿ ಭರಣಿ ಬಸ್ಸಂಗೆ ಒಡ್ದ್ ಹೋದದ್ ಮರ್ತ್ ಹೋಯ್ತಾ?"

ಉಪ್ಪಿನಕಾಯಿಯ ವಾಸನೆ ನನಗೆ ಚೆನ್ನಾಗಿ ನೆನಪಿತ್ತು. ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅಂದರೆ ಬಾವ ಹೇಳುತ್ತಿರುವುದು ನಿಜ. ಅಂದರೆ ನನ್ನ ಆ ಮಧ್ಯಾಹ್ನ? ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಋಣ ಇಟ್ಟುಕೊಂಡು ಬಂದವನು ಬಂದು, ನಾನು ನಿನಗೇನೂ ಕೊಟ್ಟಿಲ್ಲ ಎನ್ನುತ್ತಿದ್ದಾನೆ! ಹೀಗೆ ಹೇಳಿದವನ ಜೊತೆ ಜಗಳ ಆಡುವುದು ಹೇಗೆ? ನಾನು ಆಡಿದೆ. ಇಲ್ಲ, ನೀನೇ, ಅಲ್ಲ, ನಾನಲ್ಲ, ನೀನೇ ಮಾರಾಯಾ. ಈ ಗಲಾಟೆಯಲ್ಲಿ ವಿಮಾನ ಹೊಡೆಸಿಕೊಂಡು ಬಿತ್ತು, ಕಬ್ಬಿಣದ ಮೀನು ಮೂರೂ ಪರದೆಯಲ್ಲಿ ಆರಾಮಾಗಿ ಈಜುತ್ತ ನಿಂತಿತು.

ಗಿರಿಜತ್ತೆ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಂದಳು. ಹರೆಯದಿಂದಲೂ ಬುಟ್ಟಿ ಹೊತ್ತು ಮೀನು ಮಾರಿದವಳು ಅವಳು. ಪರದೆಯ ಮೀನನ್ನು ಸಂತೆಯಲ್ಲಿ ನೋಡುವ ಹಾಗೆಯೇ ನೋಡಿದಳು.

"ಇದೆಂತ ಮೀನ್? ಕಿವ್ರೇ ಇಲ್ಲ. ಬಾಲ ಒಳ್ಳೆ ಕಸ ಗುಡ್ಸು ಹಿಡಿಸೂಡಿ ಹಾಂಗ್ ಇತ್ತ್. ಹೊಡುದೆಂತಕ್ ಇದ್ಕ್? ಬಲೆ ಹಾಕುಕಾತಿಲ್ಯಾ?"

"ಬಲೆ ಇಲ್ಲ ಅತ್ತೆ, ಗುಂಡು ಮಾತ್ರ."

"ಗುಂಡ್ ಹೊಡ್ದ್ ಮೀನ್ ಯಾರ್ ತಕಂತ್ರ್?" ಎಂದವಳು, ಮತ್ತೊಮ್ಮೆ ಬಗ್ಗಿ ನೋಡಿ, "ಅಲ್ಲ, ಇದ್ ನಮ್ಮನಿ ಮಣೆ ಮೇಲೆ ಆಡ್ದ್ ಆಟ ಅಲ್ದಾ?" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೊಂಬಾಯಿಂದ ಬಂದವನು ಬಂದ ದಿನವೇ ಮನೆಯ ಚಾವಡಿಯಲ್ಲಿ ಎಲ್ಲರೆದುರು ಬ್ಯಾಗು ಬಿಚ್ಚಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಬಿಚ್ಚದೆ ಯಾರೂ ಉಳಿದಿಲ್ಲ. ಮನೆಯಲ್ಲಿರುವ ಪ್ರತಿ ಮಗುವಿನ ಹೆಸರಲ್ಲಿ ಒಂದು ವಸ್ತು ಹೊರಗೆ ಬರಬೇಕು. ಬಾವ ಮೊದಲ ಸಲ ಊರಿಗೆ ಬಂದಾಗ, ಅದು ತೊಂಬತ್ತೇಳನೆಯ ಇಸವಿ ಇರಬೇಕು, ನಾನು ರಜೆಗೆಂದು ಬೈಂದೂರಿನಲ್ಲಿ ಅತ್ತೆಯ ಮನೆಯಲ್ಲಿದ್ದೆ. ನಾನಿರುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ.

"ತಂಗಿಗೊಂದ್ ಫ್ರಾಕ್, ನಂಗೊಂದ್ ಸೀರಿ. ನಿಂಗ್ ಎಂತದೂ ಇಲ್ಲ," ಎಂದಳು ಅತ್ತೆ. "ನೀ ಮೋರೆ ಊದ್ಸ್ಕಂಡ್ ಬಾಗ್ಲ್ ಹಿಂದ್ ಹೋಯಿ ಕೂಕಂಡೆ. ಆಗ ಇವ ಉಂಬು ಮಣೆ ಮೂರನ್ನೂ ತಂದ್ ಸಾಲಂಗೆ ಇಟ್ಟ. 'ಬಾ, ನಿಂಗ್ ಬೊಂಬಾಯಿ ಗೇಮ್ ತಂದಿದೆ' ಅಂದ. ಒಣ ಚಟ್ಲಿ ಒಂದ್ ವಿಮಾನ. ನಾ ಮಳೆಗಾಲಕ್ ಅಂದ್ಹೇಳಿ ಒಣ್ಸಿಟ್ಟ ತೊರಕೆ ರಾಕ್ಷಸ. ಖಾಲಿ ಮಣೆ ಹಾಕುಕಾಗ ಅಂದ್ ನಾ ಬಾಯಿ ಬಡ್ಕಂಡದ್ ಒಬ್ರಾರೂ ಕೇಂಡ್ರ್ಯಾ? ಕಡಿಗ್ ಬೆಕ್ಕ್ ಬಂದ್ ತೊರಕೆ ಕಚ್ಕಂಡ್ ಓಡ್ತ್. ಅಲ್ಲಿಗ್ ಮುಗೀತ್ ನಿಮ್ ಆಟ."

ಚಟ್ಲಿ ಎಂದರೆ ಸಿಗಡಿ, ತೊರಕೆ ಎಂದರೆ ಒಂದು ಮಣೆ ತುಂಬುವಷ್ಟು ಅಗಲದ ಮೀನು. ಉಂಡಾದ ಮೇಲೆ ಮಣೆಯನ್ನು ಗೋಡೆಗೆ ಒರಗಿಸಿಡಬೇಕು, ಖಾಲಿ ಮಣೆ ನೆಲದ ಮೇಲಿದ್ದರೆ ಮನೆಗೆ ಒಳ್ಳೆಯದಲ್ಲ ಎನ್ನುವುದು ಅತ್ತೆಯ ಕಾನೂನು. ಅದನ್ನು ಮುರಿದ ಪಾಪಕ್ಕೆ ತೊರಕೆ ಹೋಯಿತೆಂದು ಅವಳು ಈಗಲೂ ನಂಬಿದ್ದಾಳೆ.

ಬಾವನ ಮುಖ ನಿಧಾನವಾಗಿ ಅರಳಿತು. "ಹೌದಲೆ! ಅದೇ ಆಟ ಇದ್!" ಎಂದ. ನನ್ನ ಪೆನ್ನು ತೆಗೆದುಕೊಂಡು ಮೇಜಿನ ಮೇಲೆ ಎಡದಿಂದ ಬಲಕ್ಕೆ ಜಾರಿಸಿದ. ಎರಡು ಮಣೆ ಸೇರುವ ಜಾಗ ಬಂತು ಎನ್ನುವಾಗ ಪೆನ್ನನ್ನು ಅಂಗೈಯಲ್ಲಿ ಮುಚ್ಚಿ, ಒಂದು ಕ್ಷಣ ತಡೆದು, ಆಚೆ ಕಡೆ ಬಿಟ್ಟ.

ನೋಡಿದ ಕೂಡಲೆ ಗೊತ್ತಾಯಿತು. ಟೇಪು ಹಿಡಿದು ನಾನು ಅಳೆದದ್ದು ಮಾನಿಟರಿನ ಚೌಕಟ್ಟನ್ನಲ್ಲ, ಬಾವನ ಅಂಗೈಯನ್ನು. ಇಷ್ಟು ವರ್ಷ ನನ್ನ ವಿಮಾನ ಮಾಯವಾಗುತ್ತಿದ್ದದ್ದು ಆ ಕೈಯೊಳಗೆ. ಕಪ್ಪು ಗೆರೆ ಎರಡೇ. ಮೂರು ಮಣೆಗೆ ಎರಡೇ ಸಂದು.

"ಆರೆ ಬಾವ, ಬೊಂಬಾಯಂಗೆ ನೀ ಆಡಿದ್ದೆ ಅಲ್ದಾ?"

"ಇಲ್ಲ ಮಾರಾಯಾ. ಎರಡ್ ಮೂರ್ ಸಲ ಬಾಗ್ಲಂಗೆ ನಿಂತ್ ಕಂಡದ್ದಷ್ಟೇ. ಒಳಗ್ ಹೋಯ್ಲ."

"ಎಂತಕ್?"

"ಹೆದ್ರಿಕಿ. ಹಿಂದಿ ಬತ್ತಿರ್ಲ. 'ಕ್ಯಾ ಚಾಹಿಯೇ' ಅಂದ್ ಕೇಂಡ್ರೆ ಎಂತ ಹೇಳುದ್? ನಿಂಗಾರೂ ಆಡ್ಸುವ ಅಂದ್ಹೇಳಿ ಮಣೆ ಮೇಲ್ ಮಾಡದ್."

ಆ ಬಾಗಿಲಿಗೂ ಮೂರು ಗಾಜು ಇತ್ತೇ, ಗೆರೆಯಿಲ್ಲದ ಚಿತ್ರ ಅದಕ್ಕೇ ಮೂರಾಗಿ ಕಂಡಿತೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಡುತ್ತಾನೆ, ಆಮೇಲೆ ಅದೂ ನೆನಪಾಗುತ್ತದೆ. ಈಗಾಗಲೇ ಎಲ್ಲವೂ ಬೇಕಾದ್ದಕ್ಕಿಂತ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಇಷ್ಟು ಸಲೀಸಾಗಿ ಕೂಡಿಕೊಳ್ಳುವುದು ಯಾವುದನ್ನೂ ನಾನು ನಂಬುವುದಿಲ್ಲ.

ಆ ಮಧ್ಯಾಹ್ನ ಮೂವರೂ ಆಡಿದೆವು. ಬಾವ ಆಡುತ್ತಿದ್ದಾಗ ಅತ್ತೆ ಅವನ ಹೆಗಲು ಹಿಡಿದು "ಬಲಕ್, ಬಲಕ್, ಅಲ್ಲಿ ಮೀನಿನ ಹಿಂಡ್ ಇತ್ತ್ ಕಾಣ್" ಎಂದು ದಾರಿ ಹೇಳುತ್ತಿದ್ದಳು. ವಿಮಾನ ಹಳದಿ ಮಾನಿಟರಿಗೆ ದಾಟಿದಾಗಲೆಲ್ಲ "ಪಾಪ, ಅದ್ಕ್ ಉಷಾರಿಲ್ಲ" ಎನ್ನುತ್ತಿದ್ದಳು. ಮೀನು ಸಾಯಲಿಲ್ಲ. ಸಾಯುವುದೂ ಯಾರಿಗೂ ಬೇಕಿದ್ದಂತೆ ಕಾಣಲಿಲ್ಲ. ಬ್ಯಾನರು ಕೇಳಲು ಬಂದವರು ಇಬ್ಬರು ನಿಂತು ನೋಡಿ, ಮಾತಾಡಿಸದೆ ಹೋದರು. ನಾನು ಹೇಳಬೇಕೆಂದಿದ್ದ ಒಳ್ಳೆಯ ಮಾತು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳುವ ಅಗತ್ಯ ಇತ್ತೆಂದೂ ಅನ್ನಿಸಲಿಲ್ಲ. ಸಿಕ್ಕದ್ದು ಬೊಂಬಾಯಿಯಲ್ಲಲ್ಲ, ಬೈಂದೂರಿನ ಚಾವಡಿಯಲ್ಲಿ. ಆದರೆ ಕೊಟ್ಟವನು ಬಾವನೇ. ಅಷ್ಟಾದರೂ ಉಳಿಯಿತಲ್ಲ.

ಅವರು ಟೆಂಪೊ ಹತ್ತುವಾಗ ಸೀಟು ನೆನಪಾಯಿತು.

"ಬಾವ, ಮಣೆ ಮೇಲೆ ಆಡುವತಿಗೆ ನಾವ್ ಎಲ್ಲಿ ಕೂಕಂಡಿತ್ತ್?"

"ನೆಲದ್ ಮೇಲೆ. ಮತ್ತೆಲ್ಲಿ?"

"ನಡುಗ್ಸ್ತಿದ್ಯಾ ಎಂತಾರೂ?"

"ನೆಲ ಹ್ಯಾಂಗ್ ನಡುಗ್ಸುದ್ ಮಾರಾಯಾ?"

"ಬೊಂಬಾಯಿ ಪೆಟ್ಟಿಗೆ ಸೀಟ್ ನಡುಗತ್ತ್ ಅಂದ್ ನಂಗ್ ಹೇಳಿದ್ದಾರೂ ಹೌದಾ?"

"ನಾ ಅದ್ರ್ ಮೇಲ್ ಕೂತ್ಕಂಡೇ ಇಲ್ಲ. ನಂಗ್ ಹ್ಯಾಂಗ್ ಗೊತ್ತಾಪುದ್?" ಎಂದು ಬಾವ ಟೆಂಪೊ ಶುರು ಮಾಡಿದ.

ಅಂದಿನಿಂದ ನಾನು ಕೂತಿರುವುದು ಈ ಸೀಟಿನ ಮೇಲೆ. ಮೀನು ಸಿಕ್ಕಿತು, ಗೆರೆ ಸಿಕ್ಕಿತು, ಬಾವ ಸಿಕ್ಕಿದ. ನಡುಕ ಮಾತ್ರ ಯಾರದ್ದೂ ಅಲ್ಲ. ಬೊಂಬಾಯಿಯ ಬಸ್ಸಿನದಿರಬಹುದು, ಅಷ್ಟು ದೂರ ಎಂಜಿನ್ನಿನ ಹತ್ತಿರ ಕೂತು ಹೋದವನ ಮೈಯಲ್ಲಿ ನಡುಕ ಉಳಿಯದೆ ಇರುತ್ತದೆಯೇ? ಇದು ಬುದ್ಧಿವಂತರ ಉತ್ತರ. ನಾನೂ ಕೆಲವು ದಿನ ಅದನ್ನೇ ನಂಬಿದೆ. ಆದರೆ ಸೀಟಿನ ಅಡಿಯ ಸ್ಪೀಕರಿನ ಬಗ್ಗೆ ಓದುವ ಮೊದಲೇ, ಮೀನು ಬರುವಾಗಲೇ ಸೀಟು ನಡುಗುತ್ತದೆ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಬಸ್ಸಿನಲ್ಲಿ ಮೀನು ಇರಲಿಲ್ಲ.

ಬೊಂಬಾಯಿಗೆ ಹೋದ ಆ ಮೇ ತಿಂಗಳ ಬಗ್ಗೆ ಅಮ್ಮನನ್ನು ಕೇಳಿದೆ. ಅವಳು ಕಾಯಿ ತುರಿಯುತ್ತ ಹೇಳಿದಳು: "ಒಂದಿನ ಮಧ್ಯಾಹ್ನ ಅಪ್ಪಯ್ಯ ನಿನ್ನನ್ ಕರ್ಕಂಡ್ ಹೊರಗ್ ಹೋಯಿದ್ರ್. ಎಲ್ಲಿಗ್ ಅಂದ್ ನಾ ಕೇಣ್ಲ. ಬಪ್ಪತಿಗೆ ಬಾಳೆಹಣ್ಣ್ ತಂದಿದ್ರ್."

ಅಷ್ಟೇ. ಬಾಳೆಹಣ್ಣು ನನಗೆ ನೆನಪಿಲ್ಲ. ಕೇಳೋಣವೆಂದರೆ ಅಪ್ಪಯ್ಯ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಇಬ್ಬರು ಕೂರುವ ಸೀಟನ್ನು ಮನಸ್ಸಿನಲ್ಲಿ ತಂದುಕೊಂಡು, ಬಾವನ ಮುಖ ತೆಗೆದು, ಪಕ್ಕದವನ ಬಟ್ಟೆಯನ್ನಾದರೂ ನೋಡಲು ಪ್ರಯತ್ನಿಸಿದ್ದೇನೆ. ಪ್ಯಾಂಟು ಎಂದರೆ ಪ್ಯಾಂಟು ಕಾಣುತ್ತದೆ. ಪಂಚೆ ಎಂದರೆ ಪಂಚೆ. ಕೈಯಲ್ಲಿ ಕೆಮ್ಮಣ್ಣು ಎಂದರೆ ಅದೂ ಕಾಣುತ್ತದೆ. ಕೇಳಿದ್ದನ್ನೆಲ್ಲ ಕೊಡುವ ಅಂಗಡಿಯನ್ನು ನಂಬುವುದು ಹೇಗೆ?

ಹೋದ ತಿಂಗಳು ಮಾನಿಟರುಗಳ ಎದುರು ಕುರ್ಚಿ ತೆಗೆದು ಒಂದು ಬೆಂಚು ಹಾಕಿದೆ. ಅಡಿಗೆ ಹಳೆಯ ಕಾರಿನ ಸ್ಪೀಕರು ಕಟ್ಟಿದೆ. ಬ್ಯಾನರಿನ ಕೆಲಸ ಇಲ್ಲದಾಗ ಕೂತು ಆಡುತ್ತೇನೆ. ಮೀನು ಬಂದಾಗ ಬೆಂಚು ನಡುಗುತ್ತದೆ, ಚಹಾದ ಲೋಟ ತಾಳ ಹಾಕುತ್ತದೆ. ಆ ನಡುಕ ಇದೇ ಹೌದೋ ಅಲ್ಲವೋ ಹೇಳಲಾರೆ. ಸುಖವಂತೂ ಇದೆ. ನಾನು ಯಾವಾಗಲೂ ಬೆಂಚಿನ ಒಂದು ತುದಿಗೇ ಕೂರುತ್ತೇನೆ ಎಂದು ಹೆಂಡತಿ ಹೇಳಿದ ಮೇಲೆ ಗಮನಕ್ಕೆ ಬಂತು.

ಬೊಂಬಾಯಿಯಲ್ಲಿ ಆ ಬಾಗಿಲಿನ ಒಳಗೆ ನಾನು ಹೋಗಿದ್ದು ಹೌದೇ, ಹೋಗಿದ್ದರೆ ನನ್ನ ಪಕ್ಕದಲ್ಲಿ ಆಟ ಮುಗಿಯುವವರೆಗೆ ಕೂತಿದ್ದವರು ಯಾರು ಎಂದು ನನಗೆ ಗೊತ್ತಿಲ್ಲ.